ಅಂಡಮಾನಿನ ಮಳೆಗಾಲ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಪೇಪರಿನಲ್ಲಿ "ಅಂಡಮಾನ್‌ಗೆ ಮುಂಗಾರು ಪ್ರವೇಶ" ಅಂತ ಬರುತ್ತದೆ. ಊರಲ್ಲಿ ಓದುವವರಿಗೆ ಅದು ಇನ್ನು ಮೇಲೆ ಬರುವ ಮಳೆಯ ಸುದ್ದಿ. ನಮಗೆ ಆ ಹೊತ್ತಿಗೆ ಹಿತ್ತಲ ಹಗ್ಗದ ಬಟ್ಟೆ ಎರಡು ಸಲ ನೆಂದಿರುತ್ತದೆ. ಅವತ್ತಿನಿಂದ ಫೋನು ಶುರು. ಒಬ್ಬರು ಮುಗಿಸಿದರೆ ಇನ್ನೊಬ್ಬರು. ಕೇಳುವುದು ಮಾತ್ರ ಅವೇ ಪ್ರಶ್ನೆಗಳು.

ನಾನು ತೀರ್ಥಹಳ್ಳಿ ಕಡೆಯವಳು. ಗಂಡನಿಗೆ ವರ್ಗವಾಗಿ ಪೋರ್ಟ್ ಬ್ಲೇರ್‌ಗೆ ಬಂದು ಆರು ಮಳೆಗಾಲ ಕಳೆದೆವು. 2024ರ ಸೆಪ್ಟೆಂಬರಿನಿಂದ ಈ ಪೇಟೆಯ ಹೆಸರು ಶ್ರೀ ವಿಜಯ ಪುರಂ. ಬಾಯಿಗೆ ಇನ್ನೂ ಹಳೇ ಹೆಸರೇ ಬರುತ್ತದೆ, ಹಾಗೇ ಬರೆಯುತ್ತೇನೆ. ಮಲೆನಾಡಿನವರಿಗೆ ಮಳೆ ಹೇಳಿಕೊಡುವುದೇನಿದೆ ಅಂದುಕೊಂಡೇ ಬಂದವಳು ನಾನು. ಆ ಜಂಬ ಹೇಗೆ ಇಳಿಯಿತು ಅನ್ನುವುದೂ ಕೆಳಗಿದೆ.

ಅಲ್ಲಿ ಮಳೆಗಾಲ ಯಾವಾಗ ಶುರು, ಯಾವಾಗ ಮುಗಿಯುತ್ತದೆ?

ಶುರು ಮೇ ಮೂರನೇ ವಾರದ ಹೊತ್ತಿಗೆ. ಅಮ್ಮನ ಲೆಕ್ಕದಲ್ಲಿ ಹೇಳುವುದಾದರೆ ಕೃತ್ತಿಕೆ ಮಳೆಯಲ್ಲಿ. ನಮ್ಮೂರಲ್ಲಿ ಕೃತ್ತಿಕೆ ಅಂದರೆ ಸಂಜೆ ಗುಡುಗಿ ನಾಲ್ಕು ಹನಿ ಬಿದ್ದರೆ ಪುಣ್ಯ. ಇಲ್ಲಿ ಅದೇ ಮುಂಗಾರು.

ಮುಗಿಯುವುದು ಕೇಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿಯ ಮಳೆ. ಅಕ್ಟೋಬರಿನಲ್ಲಿ ಸ್ವಲ್ಪ ಗೊಂದಲ: ಒಂದು ದಿನ ಬಿಸಿಲು, ಮರುದಿನ ಧೋ. ಆಮೇಲೆ ಗಾಳಿ ತಿರುಗಿ ಪೂರ್ವದಿಂದ ಹಿಂಗಾರು ಬರುತ್ತದೆ, ಡಿಸೆಂಬರ್‌ವರೆಗೂ ಬಿಡುವುದಿಲ್ಲ. ಪಂಚಾಂಗದಲ್ಲಿ ಸ್ವಾತಿ ಮಳೆ ಮುಗಿದು ಊರಲ್ಲಿ ಅಡಿಕೆ ಕೊಯ್ಲು ಜೋರಾಗಿರುವಾಗ ಇಲ್ಲಿ ನಾವಿನ್ನೂ ಕೊಡೆ ಹಿಡಿದಿರುತ್ತೇವೆ. ಒಣ ತಿಂಗಳು ಅಂತ ಧೈರ್ಯವಾಗಿ ಹೇಳಬಹುದಾದ್ದು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ.

ಆಗುಂಬೆಗಿಂತ ಜಾಸ್ತಿನಾ?

ಇಲ್ಲ, ಹತ್ತಿರಕ್ಕೂ ಬರುವುದಿಲ್ಲ. ಪೋರ್ಟ್ ಬ್ಲೇರ್‌ಗೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಆಗುಂಬೆಯಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಮಂಗಳೂರಿಗೂ ಇದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಬೆಂಗಳೂರಿನವರು ಕೇಳಿದರೆ ಮಾತ್ರ "ನಿಮ್ಮಲ್ಲಿನ ಮೂರು ವರ್ಷದ ಮಳೆ ಇಲ್ಲಿ ಒಂದು ವರ್ಷಕ್ಕೆ" ಅಂತ ಹೇಳಿ ಹೆದರಿಸುತ್ತೇನೆ.

ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ನಮ್ಮಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಲ್ಲಿ ಹೊಡೆದು ಹಾಕಿ ಹೋಗುತ್ತದೆ. ಇಲ್ಲಿ ಏಳು ಏಳೂವರೆ ತಿಂಗಳು ಕಂತು ಕಂತಾಗಿ ಬರುತ್ತದೆ.

ದಿನವಿಡೀ ಸುರಿಯುತ್ತಾ?

ಮಲೆನಾಡಿನ ಆರಿದ್ರಾ ಮಳೆಯ ಹಾಗೆ ವಾರಗಟ್ಟಲೆ ಸೂರ್ಯನ ಮುಖ ಕಾಣದೇ ಇರುವುದು ಇಲ್ಲಿ ಅಪರೂಪ. ಒಂದು ಗಂಟೆ ಹುಚ್ಚು ಹಿಡಿದ ಹಾಗೆ ಹೊಯ್ಯುತ್ತದೆ. ನಿಂತ ಹತ್ತು ನಿಮಿಷಕ್ಕೆ ಕಣ್ಣು ಕೋರೈಸುವ ಬಿಸಿಲು, ರಸ್ತೆಯಿಂದ ಹಬೆ. ಅಗೋ ಹೊಳವಾಯಿತು ಅಂತ ಬಟ್ಟೆ ಹೊರಗೆ ಹಾಕಿದರೆ ಮುಗಿಯಿತು, ಗುಡ್ಡದ ಹಿಂದೆ ಕಾದು ಕೂತಿದ್ದ ಹಾಗೆ ಮತ್ತೊಂದು ಬರುತ್ತದೆ.

ನಮ್ಮ ಮನೆಯ ಹಿಂದಿನ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತದೆ. ಮಳೆ ಬರುವುದು ಅಲ್ಲಿ ಮೊದಲು ಗೊತ್ತಾಗುತ್ತದೆ. ದೂರದಲ್ಲಿ ಬೂದು ಬಣ್ಣದ ಪರದೆ ಇಳಿಬಿಟ್ಟ ಹಾಗೆ ಇರುತ್ತದೆ. ಅದರ ಕೆಳಗಿನ ನೀರು ಕಪ್ಪಗಾಗುತ್ತದೆ. ಆ ಕಪ್ಪು ಗೆರೆ ದಡದ ಕಡೆ ಓಡಿ ಬರುತ್ತದೆ. ಗೆರೆ ತೆಂಗಿನ ಮರಗಳ ಹತ್ತಿರ ಬಂತು ಅಂದರೆ ನನಗೆ ಮೂರು ನಿಮಿಷ ಇದೆ ಅಂತ ಲೆಕ್ಕ. ಮೂರು ನಿಮಿಷದಲ್ಲಿ ಹನ್ನೊಂದು ಬಟ್ಟೆ ತೆಗೆಯಬಲ್ಲೆ, ಕ್ಲಿಪ್ ಹಾಕಿರದಿದ್ದರೆ.

ತಗಡಿನ ಮಾಡಿನ ಮೇಲೆ ಮಳೆ ಬಿದ್ದಾಗ ಫೋನಿನಲ್ಲಿ ಮಾತು ಸಾಧ್ಯವೇ ಇಲ್ಲ. ಅಮ್ಮ ಆ ಕಡೆಯಿಂದ "ಏನೇ, ಹುರೀತಾ ಇದೀಯಾ?" ಅಂತ ಕೇಳುತ್ತಾಳೆ.

ಚಳಿ ಇರುತ್ತಾ? ಸ್ವೆಟರ್, ಕಂಬಳಿ ಬೇಕಾ?

ಬೇಡ. ಮಳೆ ಬಂದರೂ ಸೆಖೆ. ತೀರ್ಥಹಳ್ಳಿಯಿಂದ ಹೊತ್ತು ತಂದ ಕಂಬಳಿ ಆರು ವರ್ಷದಿಂದ ಗಂಟು ಬಿಚ್ಚಿಲ್ಲ. ಹಂಡೆ ಒಲೆ ಮುಂದೆ ಕೂತು ಗೇರುಬೀಜ ಸುಡುವ ಮಳೆಗಾಲ ಇದಲ್ಲ, ಆ ಆಸೆ ಬಿಟ್ಟುಬಿಡಿ.

ವಾಯುಭಾರ ಕುಸಿತ, ಚಂಡಮಾರುತ ಅಂತ ಟಿವಿಯಲ್ಲಿ ಬಂದಾಗ ಭಯ ಆಗಲ್ವಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ನನ್ನ ಜಂಬ ಇಳಿದದ್ದು ಇಲ್ಲೇ.

ಮಲೆನಾಡಿನಲ್ಲಿ ನಾವು ಮಳೆಯನ್ನು ನೋಡುತ್ತೇವೆ: ಎಷ್ಟು ಬಿತ್ತು, ಹೊಳೆ ಎಷ್ಟು ಏರಿತು, ತೋಟಕ್ಕೆ ನೀರು ನುಗ್ಗಿತಾ. ಇಲ್ಲಿನವರು ಮಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೋಡುವುದು ಗಾಳಿಯನ್ನು. ಬಂದ ಮೊದಲ ವರ್ಷ ಧೋ ಅಂತ ಸುರಿಯುವಾಗ ಕೆಳಗಿನ ಮನೆಯ ದೀದಿಗೆ "ಇವತ್ತು ಬೋಟ್ ಇರಲ್ಲ ಅಲ್ವಾ" ಅಂದೆ. ಅವರು ನಕ್ಕರು. "ಪಾನಿ ಸೇ ಬೋಟ್ ಬಂದ್ ನಹೀ ಹೋತಾ, ಹವಾ ಸೇ ಹೋತಾ ಹೈ." ನೀರಿಗೆ ಬೋಟ್ ನಿಲ್ಲುವುದಿಲ್ಲ, ಗಾಳಿಗೆ ನಿಲ್ಲುತ್ತದೆ. ಬೋಟ್ ಅಂದರೆ ಇಲ್ಲಿ ದ್ವೀಪದಿಂದ ದ್ವೀಪಕ್ಕೆ ಜನರನ್ನು ಒಯ್ಯುವುದು. ಎರಡು ವಾರ ಬಿಟ್ಟು ಒಂದು ದಿನ ಮೋಡವಿದ್ದರೂ ಹನಿ ಇಲ್ಲ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಬೋಟ್ ಬಂದ್.

ಬಂಗಾಳ ಕೊಲ್ಲಿಯ ಎಷ್ಟೋ ಚಂಡಮಾರುತಗಳು ಹುಟ್ಟುವುದು ಅಂಡಮಾನ್ ಸಮುದ್ರದಲ್ಲಿ ಅಥವಾ ಅದರ ಪಕ್ಕದಲ್ಲಿ. ಹುಟ್ಟುವಾಗ ಇನ್ನೂ ಮರಿ. ಇಲ್ಲಿಂದ ದಾಟಿ, ಬಿಸಿ ನೀರಿನ ಮೇಲೆ ದಿನಗಟ್ಟಲೆ ನಡೆದು, ಆಂಧ್ರವನ್ನೋ ಒಡಿಶಾವನ್ನೋ ಮುಟ್ಟುವ ಹೊತ್ತಿಗೆ ಬಲಿತಿರುತ್ತವೆ. ಹಾಗಾಗಿ ಟಿವಿಯವರು ಕೂಗಲು ಶುರು ಮಾಡುವ ಹೊತ್ತಿಗೆ ಸಾಮಾನ್ಯವಾಗಿ ನಮ್ಮಲ್ಲಿ ಮುಗಿದಿರುತ್ತದೆ. ಎಲ್ಲ ಸಲವೂ ಹಾಗಲ್ಲ. 2013ರ ನವೆಂಬರಿನಲ್ಲಿ ಲೆಹರ್ ಚಂಡಮಾರುತ ಈ ದ್ವೀಪಗಳ ಮೇಲೆಯೇ ಹಾದುಹೋಯಿತು. 2016ರ ಡಿಸೆಂಬರಿನಲ್ಲಿ ವರ್ದಾ ಇನ್ನೂ ಬಲಿಯುತ್ತಿದ್ದಾಗಲೇ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅದೇ ವರ್ದಾ ಆಮೇಲೆ ಚೆನ್ನೈಗೆ ಹೊಡೆದದ್ದು ನಿಮಗೆ ನೆನಪಿರಬಹುದು.

ನೋಡಿದಿರಾ, ಎರಡೂ ಜೂನ್ ಜುಲೈಯಲ್ಲಲ್ಲ. ಮುಂಗಾರಿನ ನಡುವೆ ಚಂಡಮಾರುತ ಕಡಿಮೆ. ಹುಷಾರಾಗಿರಬೇಕಾದ್ದು ಮುಂಗಾರು ಕಾಲಿಡುವ ಮುಂಚಿನ ಏಪ್ರಿಲ್ ಮೇ ಹೊತ್ತಿನಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ.

ಎಚ್ಚರಿಕೆ ಬಂದಾಗ ಮನೆಯಲ್ಲಿ ಏನು ಮಾಡುತ್ತೀರಿ?

ಹೆಚ್ಚೇನಿಲ್ಲ. ಫೋನ್, ಪವರ್ ಬ್ಯಾಂಕ್ ಚಾರ್ಜಿಗೆ ಹಾಕುವುದು. ಕುಡಿಯುವ ನೀರು ತುಂಬಿಸುವುದು. ತಾರಸಿ ಮೇಲಿನ ಹೂಕುಂಡ, ಬಕೆಟ್, ಸಡಿಲ ತಗಡು ಒಳಗೆ ತರುವುದು. ಗಾಳಿಗೆ ಹಾರುವ ತಗಡು ಮಚ್ಚಿಗಿಂತ ಕೆಟ್ಟದ್ದು. ಗಾಡಿಯನ್ನು ತೆಂಗಿನ ಮರದಿಂದ ದೂರ ನಿಲ್ಲಿಸುವುದು. ಎಟಿಎಂನಿಂದ ಸ್ವಲ್ಪ ಕಾಸು ತೆಗೆದಿಡುವುದು. ಆಮೇಲೆ ಕಿಟಕಿ ಹಾಕಿ ಅವಲಕ್ಕಿ ತಿನ್ನುತ್ತಾ ಕೂರುವುದು.

ಬೋಟ್ ನಿಂತರೆ ಊಟಕ್ಕೇನು? ತರಕಾರಿ ಸಿಗುತ್ತಾ?

ಸಿಗುತ್ತದೆ, ಆದರೆ ನಿಮಗೆ ಬೇಕಾದ್ದಲ್ಲ. ಈರುಳ್ಳಿ, ಆಲೂಗಡ್ಡೆ, ಟೊಮೇಟೊ, ಬೇಳೆ, ಎಣ್ಣೆ ಬಹುಪಾಲು ಮೇನ್‌ಲ್ಯಾಂಡ್‌ನಿಂದ ಬರಬೇಕು. ಇಲ್ಲಿ ಯಾರೂ "ಭಾರತಕ್ಕೆ ಹೋಗಿದ್ದೆ" ಅನ್ನುವುದಿಲ್ಲ, "ಇಂಡಿಯಾ" ಅನ್ನುವುದೂ ಇಲ್ಲ. ಮೇನ್‌ಲ್ಯಾಂಡ್, ಅಷ್ಟೇ. ಚೆನ್ನೈಯಿಂದ ಹಡಗಿಗೆ ಹೆಚ್ಚುಕಮ್ಮಿ ಮೂರು ದಿನ. ಸಮುದ್ರ ಕೆಟ್ಟರೆ ಇನ್ನೂ ಎಷ್ಟೋ. ಹಡಗು ತಡವಾದ ವಾರ ಟೊಮೇಟೊ ಬೆಲೆ ಕೇಳಿ ನಾನು ಹುಣಸೆಹಣ್ಣಿನ ಸಾರಿಗೆ ತಿರುಗುತ್ತೇನೆ.

ಆದರೆ ಸೊಪ್ಪಿಗೆ ಮಳೆಗಾಲವೇ ಹಬ್ಬ. ಜಂಗ್ಲಿಘಾಟ್ ಕಡೆ ಬೆಳಿಗ್ಗೆ ಒಬ್ಬ ಅಜ್ಜಿ ಗೋಣಿ ಹಾಸಿ ಕೂರುತ್ತಾರೆ. ಬಂಗಾಳಿಯವರು. ಮೊದಲ ವರ್ಷ ಅವರ ಮುಂದೆ ದಪ್ಪ ದಂಟಿನ, ನೇರಳೆ ಛಾಯೆಯ ಸೊಪ್ಪಿನ ಕಟ್ಟು ನೋಡಿ ನಿಂತುಬಿಟ್ಟೆ. "ಪೂಯಿ ಶಾಕ್" ಅಂದರು. ಎಲೆ ಮುರಿದು ನೋಡಿದೆ, ಲೋಳೆ ಲೋಳೆ. ನಮ್ಮ ಬಸಳೆ! ಅವರು ಅದನ್ನು ಮೀನಿನ ತಲೆ ಹಾಕಿ ಬೇಯಿಸುತ್ತಾರೆ. ನಾನು ಹುರುಳಿಕಾಳು, ತೆಂಗಿನಕಾಯಿ ಹಾಕಿ ಹುಳಿ ಮಾಡಿ ದೀದಿಗೆ ಒಂದು ಬಟ್ಟಲು ಕೊಟ್ಟೆ. ಮೀನಿಲ್ಲದ ಬಸಳೆ ತಿಂದದ್ದು ಅವರಿಗೆ ಅದೇ ಮೊದಲಂತೆ. ಬಟ್ಟಲು ತೊಳೆದು ವಾಪಸ್ ಬಂತು, ಒಳಗೆ ಎರಡು ಹುರಿದ ಮೀನಿನ ತುಂಡು. ಈಗ ಇದು ವಾರಕ್ಕೊಂದು ಸಲದ ವ್ಯವಹಾರ.

ನೀರಲ್ಲಿ ಬೆಳೆಯುವ ಕಲ್ಮಿ ಸೊಪ್ಪು, ಕೆಸು, ಬಾಳೆದಿಂಡು, ಕುಂಬಳಕಾಯಿ, ಹೀಗೆ ಸ್ಥಳೀಯವಾದದ್ದಕ್ಕೆ ಬರ ಇಲ್ಲ. ಹಡಗು ಬರದಿದ್ದರೆ ಹೊಟ್ಟೆಗೇನೂ ತೊಂದರೆ ಇಲ್ಲ. ಹೋಟೆಲಿನ ಮಸಾಲೆ ದೋಸೆಯಲ್ಲಿ ಮಾತ್ರ ಆಲೂಗಡ್ಡೆ ತೆಳ್ಳಗಾಗುತ್ತದೆ.

ಇಷ್ಟು ಮಳೆ ಅಂದ ಮೇಲೆ ನೀರಿಗೆ ತೊಂದರೆ ಇರಲ್ಲ ಬಿಡಿ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನಾವೂ ಅಂದುಕೊಂಡಿದ್ದೆವು. ಬಂದದ್ದು ಮಾರ್ಚ್‌ನಲ್ಲಿ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು.

ಕಾರಣ ಸುಲಭ. ದ್ವೀಪ ಉದ್ದಕ್ಕಿದೆ, ಅಗಲ ಕಡಿಮೆ, ನಡುವೆ ಗುಡ್ಡ. ಬಿದ್ದ ಮಳೆ ಇಳಿಜಾರಿನಲ್ಲಿ ಓಡಿ ಕೆಲವೇ ಗಂಟೆಯಲ್ಲಿ ಸಮುದ್ರ ಸೇರುತ್ತದೆ. ತುಂಗೆಯ ಹಾಗೆ ವರ್ಷವಿಡೀ ಹರಿಯುವ ದೊಡ್ಡ ಹೊಳೆ ಇಲ್ಲ. ಪೋರ್ಟ್ ಬ್ಲೇರ್ ಪೇಟೆಗೆ ಮುಖ್ಯವಾಗಿ ಧನಿಖಾರಿ ಅಣೆಕಟ್ಟಿನ ನೀರು. ಅದು ಮಳೆಗಾಲದಲ್ಲಿ ತುಂಬಬೇಕು, ಏಪ್ರಿಲ್‌ವರೆಗೂ ಬರಬೇಕು. ಹಿಂಗಾರು ಕೈಕೊಟ್ಟ ವರ್ಷ ಫೆಬ್ರವರಿಯಲ್ಲೇ ಮುಖ ಬಾಡುತ್ತದೆ. ಸುತ್ತಲೂ ನೀರು, ಕುಡಿಯಲು ಮಾತ್ರ ಇಲ್ಲ.

ಅದಕ್ಕೇ ಇಲ್ಲಿ ಮನೆ ಮನೆಯಲ್ಲೂ ಕಪ್ಪು ಸಿಂಟೆಕ್ಸ್ ಟ್ಯಾಂಕು, ನೀಲಿ ಡ್ರಮ್ಮು. ಬಾಡಿಗೆ ಮನೆ ನೋಡುವಾಗ ಬೆಡ್‌ರೂಮ್ ಎಷ್ಟು ಅಂತ ಆಮೇಲೆ ಕೇಳಿ, ಟ್ಯಾಂಕ್ ಎಷ್ಟು ಲೀಟರ್ ಅಂತ ಮೊದಲು ಕೇಳಿ. ದೀದಿ ಮೊದಲ ಮಳೆಯ ನೀರನ್ನು ಹಿಡಿಯುವುದಿಲ್ಲ. ತಗಡಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಹೋಗಲಿ ಅಂತ ಎರಡು ಮೂರು ಮಳೆ ಬಿಡುತ್ತಾರೆ. ಆಮೇಲೆ ಮಾಡಿನ ಅಂಚಿನ ಪೈಪನ್ನು ಡ್ರಮ್ಮಿಗೆ ತಿರುಗಿಸಿ, ಬಾಯಿಗೆ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಕಟ್ಟುತ್ತಾರೆ. ಆ ನೀರಲ್ಲಿ ಬೇಳೆ ಬೇಗ ಬೇಯುತ್ತದೆ ಅನ್ನುವುದು ಅವರ ವಾದ. ನಿಜ, ನಾನೂ ನೋಡಿದ್ದೇನೆ.

ಬಟ್ಟೆ ಒಣಗುತ್ತಾ?

ಇಲ್ಲ.

ಸರಿ, ಪೂರ್ತಿ ಹೇಳುತ್ತೇನೆ. ಹೊರಗೆ ಅರ್ಧ, ಒಳಗೆ ಫ್ಯಾನಿನ ಕೆಳಗೆ ಅರ್ಧ, ಉಳಿದ ಕಾಲು ಭಾಗ ಮೈಮೇಲೆ ಒಣಗುತ್ತದೆ. ಲೆಕ್ಕ ಸರಿಹೋಗಲಿಲ್ಲ ಅಲ್ವಾ, ಬಟ್ಟೆಯೂ ಹಾಗೇ. ಜೀನ್ಸ್ ತರಬೇಡಿ. ದಪ್ಪ ಟವೆಲ್ ಬೇಡವೇ ಬೇಡ. ನಮ್ಮ ಕಡೆಯ ತೆಳ್ಳನೆ ಪಂಚೆ, ಚೌಕುಳಿ ಟವೆಲ್ ಇವೆಯಲ್ಲ, ಅವೇ ಸರಿ. ವಾಸನೆ ಬರುವ ಬಟ್ಟೆಗೆ ಕೊನೆಯ ಜಾಲಾಡುವ ನೀರಿನಲ್ಲಿ ಸ್ವಲ್ಪ ವಿನೆಗರ್.

ಬೂಷ್ಟು ಹಿಡಿಯುತ್ತಾ?

ಮಲೆನಾಡಿನವರಿಗೆ ಗೊತ್ತಿರುವುದೇ: ಚರ್ಮದ ಬೆಲ್ಟು, ಪರ್ಸು, ಮರದ ಕುರ್ಚಿಯ ಹಿಂಬದಿ. ಇಲ್ಲಿ ಅದರ ಜೊತೆ ಉಪ್ಪುಗಾಳಿ ಸೇರಿಕೊಳ್ಳುತ್ತದೆ. ಬೂಷ್ಟು ಒರೆಸಬಹುದು. ತುಕ್ಕಿಗೆ ಮದ್ದಿಲ್ಲ. ಸ್ಕೂಟರಿನ ಸೈಲೆನ್ಸರ್, ಬಾಗಿಲ ಚಿಲಕ, ಗ್ಯಾಸ್ ಒಲೆಯ ಕಾಲು, ಎಲ್ಲ ತಿನ್ನುತ್ತದೆ. ಮನೆ ಕೀಲಿಗೆ ತಿಂಗಳಿಗೊಮ್ಮೆ ಒಂದು ತೊಟ್ಟು ಎಣ್ಣೆ ಹಾಕದಿದ್ದರೆ ಒಂದು ದಿನ ಹೊರಗೇ ನಿಲ್ಲುತ್ತೀರಿ.

ಕ್ಯಾಮೆರಾ ಇದ್ದವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಮ್ಮೆಜಮಾನರ ಲೆನ್ಸಿನ ಒಳಗೆ ಜೇಡರಬಲೆಯ ಹಾಗೆ ಫಂಗಸ್ ಬೆಳೆಯಿತು, ಸರಿ ಮಾಡಿಸಲು ಕೊಟ್ಟರೆ ಆರು ತಿಂಗಳ ಮೇಲೆ ಹಾಗೇ ವಾಪಸ್ ಬಂತು. ಉಪ್ಪಿನ ಡಬ್ಬಿ ಜೂನ್‌ನಲ್ಲಿ ಉಪ್ಪುನೀರಿನ ಡಬ್ಬಿಯಾಗುತ್ತದೆ. ನಾಲ್ಕು ಕಾಳು ಅಕ್ಕಿ ಹಾಕುವ ಹಳೇ ಉಪಾಯ ಜುಲೈವರೆಗೆ ನಡೆಯುತ್ತದೆ, ಆಮೇಲೆ ಅಕ್ಕಿಯೂ ನೆನೆಯುತ್ತದೆ. ಕಲ್ಲುಪ್ಪೇ ವಾಸಿ. ಅಮ್ಮ ಕಳಿಸುವ ಹಲಸಿನ ಹಪ್ಪಳವನ್ನು ನಾನು ಫ್ರಿಜ್ಜಿನಲ್ಲಿಡುತ್ತೇನೆ. ಇದನ್ನು ಅಮ್ಮನಿಗೆ ಹೇಳಿಲ್ಲ.

ಹುಳ ಹುಪ್ಪಟೆ?

ಮೊದಲ ಮಳೆಯ ರಾತ್ರಿಯೇ ಬಸವನಹುಳು ಬರುತ್ತದೆ. ನಮ್ಮ ತೋಟದ ಸಣ್ಣ ಬಸವನಹುಳು ಅಂದುಕೊಳ್ಳಬೇಡಿ. ಇದು ಆಫ್ರಿಕಾದ್ದು, ಅಂಗೈ ಉದ್ದದ ಚಿಪ್ಪು. ಎರಡನೇ ಮಹಾಯುದ್ಧದಲ್ಲಿ 1942ರಿಂದ 1945ರವರೆಗೆ ಜಪಾನಿನವರು ಇಲ್ಲಿದ್ದಾಗ ತಂದದ್ದು ಅನ್ನುತ್ತಾರೆ. ಅವರು ಹೋದರು, ಹುಳ ಉಳಿಯಿತು. ರಾತ್ರಿ ಟಾರ್ಚ್ ಬಿಟ್ಟರೆ ಕಾಂಪೌಂಡ್ ಗೋಡೆ ತುಂಬ, ಪಪ್ಪಾಯಿ ಗಿಡ ತುಂಬ, ಒಂದು ಸಲ ಮೆಟ್ಟಿಲ ಮೇಲೆ ಬಿಟ್ಟ ನನ್ನ ಚಪ್ಪಲಿಯೊಳಗೂ. ಬೆಂಡೆ ಸಸಿ ಹಾಕಿದ್ದರೆ ಬೆಳಿಗ್ಗೆ ಕಡ್ಡಿ ಮಾತ್ರ. ಕೆಲವರು ಉಪ್ಪು ಹಾಕುತ್ತಾರೆ, ಅದರಿಂದ ಮಣ್ಣೂ ಕೆಡುತ್ತದೆ. ನಾನು ಹಳೇ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಹೆಕ್ಕುತ್ತೇನೆ. ಬರಿಗೈಲಿ ಮುಟ್ಟಬೇಡಿ, ಅದರ ಲೋಳೆಯಲ್ಲಿ ರೋಗ ತರುವ ಹುಳುಗಳಿರಬಹುದು. ಮಕ್ಕಳಿಗಂತೂ ಹೇಳಿಯೇ ಇಡಿ.

ಇನ್ನೊಂದು, ಶತಪದಿ. ಗೇಣುದ್ದ ಇರುತ್ತದೆ, ಕಚ್ಚಿದರೆ ಜೀವ ಹೋಗುವ ನೋವು. ಮಳೆಗೆ ಬಿಲದಲ್ಲಿ ನೀರು ತುಂಬಿದಾಗ ಒಣ ಜಾಗ ಹುಡುಕಿ ಮನೆಯೊಳಗೆ ಬರುತ್ತದೆ. ಶೂ ಹಾಕುವ ಮುಂಚೆ ಕೊಡವಿ. ಬಚ್ಚಲಿನ ಜಾಲರಿ ಮುಚ್ಚಿಡಿ.

ಕಾಯಿಲೆಗಳು?

ಡೆಂಗ್ಯೂ, ಮಲೇರಿಯಾ ನಿಮಗೆ ಗೊತ್ತಿದೆ. ಗೊತ್ತಿರಲೇಬೇಕಾದ್ದು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನಗಳ ಮೂತ್ರ ಸೇರಿದ ಕೆಸರು ನೀರಿನಲ್ಲಿ ಗಾಯದ ಕಾಲಿಟ್ಟು ನಡೆದರೆ ಬರುತ್ತದೆ. ಈ ದ್ವೀಪಗಳಲ್ಲಿ ಅದು ಎಷ್ಟು ಕಾಡಿದೆ ಅಂದರೆ ಹಿಂದೆ ಕಾರಣ ಗೊತ್ತಿಲ್ಲದೆ "ಅಂಡಮಾನ್ ಹೆಮರಾಜಿಕ್ ಫೀವರ್" (ರಕ್ತಸ್ರಾವದ ಜ್ವರ) ಅಂತಲೇ ಕರೆಯುತ್ತಿದ್ದರು. ಆಮೇಲೆ ಅದು ಲೆಪ್ಟೊ ಅಂತ ಗೊತ್ತಾಯಿತು. ಪೋರ್ಟ್ ಬ್ಲೇರ್‌ನಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಶೋಧನಾ ಕೇಂದ್ರ ಈ ಕಾಯಿಲೆಯ ಕೆಲಸಕ್ಕೇ ಹೆಸರಾದದ್ದು.

ಮಳೆಗಾಲದಲ್ಲಿ ಜ್ವರ, ಮೀನಖಂಡ ಹಿಡಿದ ಹಾಗೆ ನೋವು, ಕಣ್ಣು ಕೆಂಪು ಅಂದರೆ ಎರಡು ದಿನ ಕಷಾಯ ಕುಡಿದು ನೋಡೋಣ ಅನ್ನಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಕೆಸರಿನಲ್ಲಿ ಓಡಾಡಿದ್ದನ್ನು ಹೇಳಿ. ಬೇಗ ಹಿಡಿದರೆ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ.

ಕರೆಂಟ್, ಇಂಟರ್‌ನೆಟ್ ಹೇಗೆ?

ಕರೆಂಟ್ ಬಹುಪಾಲು ಡೀಸೆಲ್ ಜನರೇಟರುಗಳಿಂದ ಬರುವುದು, ಆ ಡೀಸೆಲ್ ಕೂಡ ಹಡಗಿನಲ್ಲೇ ಬರಬೇಕು. ಗಾಳಿಗೆ ಗರಿ ತಂತಿಯ ಮೇಲೆ ಬಿದ್ದರೆ ಹೋಗುತ್ತದೆ, ಬರುತ್ತದೆ. ಇನ್ವರ್ಟರ್ ಇರಲಿ.

ನೆಟ್ ಈಗ ಸಲೀಸು. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿ ಸುಮಾರು 2300 ಕಿ.ಮೀ. ಕೇಬಲ್ ಶುರುವಾದ ಮೇಲೆ ಕಥೆಯೇ ಬದಲಾಯಿತು. ಅದಕ್ಕೂ ಮುಂಚೆ ಎಲ್ಲ ಉಪಗ್ರಹದ ಮೇಲೆ. ಹಳಬರು ಹೇಳುತ್ತಾರೆ, ಒಂದು ಫೋಟೋ ಕಳಿಸಲು ಬೆಳಗಿನ ಜಾವ ಏಳುತ್ತಿದ್ದೆವು ಅಂತ.

ರಸ್ತೆ?

ಪೇಟೆಯೊಳಗೆ ಏರಿಳಿತ ಜಾಸ್ತಿ, ಜಾರುತ್ತದೆ, ನಿಧಾನವಾಗಿ ಹೋಗಿ. ಬಾರಾಟಾಂಗ್, ರಂಗತ್, ದಿಗ್ಲಿಪುರ ಕಡೆ ಹೋಗುವ ಅಂಡಮಾನ್ ಟ್ರಂಕ್ ರೋಡ್‌ನಲ್ಲಿ ಗುಡ್ಡ ಕುಸಿಯುವುದು, ಮರ ಬೀಳುವುದು ಇದ್ದದ್ದೇ. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ಮುಂದೆ ಜಾರವಾ ಅನ್ನುವ ಆದಿವಾಸಿ ಜನರ ಕಾಡು. ಅಲ್ಲಿ ನಿಗದಿಯಾದ ಹೊತ್ತಿಗೆ ಸಾಲಾಗಿ ಮಾತ್ರ ಗಾಡಿ ಬಿಡುತ್ತಾರೆ. ನಡುವೆ ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಒಂದು ಸಾಲು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು.

ಸಿಪ್ಪಿಘಾಟ್ ಹತ್ತಿರ ಹೋದರೆ ರಸ್ತೆಯ ಪಕ್ಕದ ನೀರನ್ನು ನೋಡಿ. ಮಳೆನೀರು ನಿಂತಿದೆ ಅನ್ನಿಸುತ್ತದೆ. ಅಲ್ಲ. 2004ರ ಡಿಸೆಂಬರ್ 26ರ ಭೂಕಂಪಕ್ಕೆ ಇಲ್ಲಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಗದ್ದೆಗಳ ಮೇಲೆ ಸಮುದ್ರ ಬಂದು ಕೂತಿತು, ವಾಪಸ್ ಹೋಗಲಿಲ್ಲ. ಭರತದ, ಅಂದರೆ ಸಮುದ್ರ ಉಕ್ಕುವ ಹೊತ್ತಿಗೆ ಜೋರು ಮಳೆಯೂ ಬಂದರೆ ಅಲ್ಲಿ ನೀರು ಇನ್ನೂ ಏರುತ್ತದೆ.

ಮಳೆಗಾಲದಲ್ಲಿ ಪ್ರವಾಸಕ್ಕೆ ಬರಬಹುದಾ? ಟಿಕೆಟ್ ಕಡಿಮೆಗೆ ಸಿಗುತ್ತಿದೆ.

ಬನ್ನಿ. ಆದರೆ ಕೈಯಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಂಡು ಬನ್ನಿ. ನಮ್ಮ ಚಿಕ್ಕಮ್ಮನ ಮನೆಯವರು ಒಂದು ಜುಲೈಯಲ್ಲಿ ಬಂದರು. ನಾನು ಹೇಳಿದ್ದೆ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ ಅಂತ. ಚಿಕ್ಕಪ್ಪ "ಒಂದೂವರೆ ಗಂಟೆ ಬೋಟ್ ತಾನೇ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ವಿಮಾನ ಸಿಗುತ್ತೆ" ಅಂದರು. ಬೆಳಿಗ್ಗೆ ನೀಲ್ ಜೆಟ್ಟಿಯಲ್ಲಿ ಬೋರ್ಡ್ ತೂಗುಹಾಕಿದ್ದರು. ಅವತ್ತೂ ಇಲ್ಲ, ಮರುದಿನವೂ ಇಲ್ಲ. ವಿಮಾನದ ದುಡ್ಡು ಹೋಯಿತು. ಚಿಕ್ಕಮ್ಮ ಎರಡು ದಿನ ಬಿಸಿ ಬಿಸಿ ಮೀನು ತಿಂದು ಖುಷಿಯಾಗಿಯೇ ಇದ್ದರಂತೆ. ಮುಖ ಊದಿಸಿಕೊಂಡದ್ದು ಚಿಕ್ಕಪ್ಪ ಒಬ್ಬರೇ.

ಹಾಗಾಗಿ: ಮೊದಲು ದೂರದ ದ್ವೀಪ ಮುಗಿಸಿ, ಆಮೇಲೆ ಪೋರ್ಟ್ ಬ್ಲೇರ್ ನೋಡಿ. ಸೆಲ್ಯುಲರ್ ಜೈಲಿನ ಮ್ಯೂಸಿಯಂ, ನೌಕಾಪಡೆಯ ಸಮುದ್ರಿಕಾ ಮ್ಯೂಸಿಯಂ, ಇವೆಲ್ಲ ಮಳೆಯಲ್ಲೂ ಆಗುತ್ತವೆ. ಹ್ಯಾವ್‌ಲಾಕ್‌ಗೆ ಈಗ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರು. ಟಿಕೆಟ್ಟಿನಲ್ಲಿ ಹಾಗೆ ಇದ್ದರೆ ಗಾಬರಿಯಾಗಬೇಡಿ. ವಂಡೂರು ಕಡೆಯ ಜಾಲಿ ಬಾಯ್ ದ್ವೀಪ ಮಳೆಗಾಲದಲ್ಲಿ ಮುಚ್ಚಿರುತ್ತದೆ, ಬದಲಿಗೆ ರೆಡ್ ಸ್ಕಿನ್‌ಗೆ ಬಿಡುತ್ತಾರೆ. ಸ್ಕೂಬಾ ಮಾಡಲೇಬೇಕು, ನೀರಡಿಯ ಬಣ್ಣ ಕಾಣಲೇಬೇಕು ಅನ್ನುವವರು ಜನವರಿಯಿಂದ ಏಪ್ರಿಲ್ ಒಳಗೆ ಬನ್ನಿ. ಮಳೆಯಲ್ಲಿ ನೀರು ಕಲಕಿರುತ್ತದೆ.

ಬೀಚಿನಲ್ಲಿ ನೀರಿಗೆ ಇಳಿಯಬಹುದಾ?

ಇಲ್ಲಿನವರ ಒಂದು ಉಪಾಯ ಹೇಳುತ್ತೇನೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಆಗ ರಾಧಾನಗರ, ವಂಡೂರಿನಂಥ ಪಶ್ಚಿಮದ ಬೀಚುಗಳು ಒರಟು. ಪೂರ್ವಕ್ಕಿರುವ ಕಾಲಾಪತ್ಥರ್, ಕಾರ್ಬಿನ್ಸ್ ಕೋವ್ ಅಷ್ಟಿಲ್ಲ. ನವೆಂಬರ್ ಬಂದರೆ ಉಲ್ಟಾ. ದ್ವೀಪದಲ್ಲಿ ಇರುವ ಸುಖವೇ ಅದು, ಒಂದು ಕಡೆ ಸಿಟ್ಟಾದರೆ ಇನ್ನೊಂದು ಕಡೆಗೆ ಹೋಗಬಹುದು. ಆದರೂ ಕೆಂಪು ಬಾವುಟ ಇದ್ದರೆ ಕಾಲು ಕೂಡ ಒದ್ದೆ ಮಾಡಬೇಡಿ. ಮೊಸಳೆ ಇದೆ ಅನ್ನುವ ಬೋರ್ಡು ಅಲಂಕಾರಕ್ಕೆ ಹಾಕಿದ್ದಲ್ಲ. ಉಪ್ಪುನೀರಿನ ಮೊಸಳೆ ನಿಜವಾಗಿ ಇವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೋಡುಗಳ ಬಾಯಿಯ ಹತ್ತಿರ ಹೋಗಲೇಬೇಡಿ.

ಯಾವ ಕೊಡೆ, ಯಾವ ಚಪ್ಪಲಿ ತರಬೇಕು?

ರಬ್ಬರ್ ಚಪ್ಪಲಿ. ಕೊಡೆ ಗಾಳಿಗೆ ಉಲ್ಟಾ ಹೊಡೆಯುತ್ತದೆ. ರೇನ್‌ಕೋಟ್ ಹಾಕಿದರೆ ಒಳಗೆ ಬೆವರಿಗೆ ನೆನೆಯುತ್ತೀರಿ. ಇಲ್ಲಿನವರು ನೆನೆಯುತ್ತಾರೆ, ಅಷ್ಟೇ. ಫೋನಿಗೊಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ.

ಸಂಜೆ ಬೇಜಾರಾಗಲ್ವಾ?

ಆಗುತ್ತದೆ. ಮಳೆಗಿಂತ ಕತ್ತಲೆಗೆ. ಗಡಿಯಾರ ದೇಶಕ್ಕೆಲ್ಲ ಒಂದೇ, ನಾವಿರುವುದು ಪೂರ್ವದ ಮೂಲೆಯಲ್ಲಿ. ಜೂನ್‌ನಲ್ಲಿ ಐದಕ್ಕೇ ಬೆಳಕು, ಸಂಜೆ ಐದೂಮುಕ್ಕಾಲಿಗೆ ಸೂರ್ಯ ಮುಳುಗಿಯಾಯಿತು. ಮೋಡ ಇದ್ದರೆ ನಾಲ್ಕೂವರೆಗೇ ದೀಪ. ಮೊದಲ ಎರಡು ವರ್ಷ ಆ ಹೊತ್ತಿಗೆ ಸುಮ್ನೆ ಅಳು ಬರುತ್ತಿತ್ತು. ಈಗ ಬೆಳಿಗ್ಗೆ ಐದಕ್ಕೇ ಎದ್ದು ಕೆಲಸ ಮುಗಿಸುತ್ತೇನೆ. ಸಂಜೆ ಕೆಳಗೆ ದೀದಿ ಮನೆಯಲ್ಲಿ ಚಹಾ, ಮುರಮುರಾ. ಅದು ನಮ್ಮ ಮಂಡಕ್ಕಿಯೇ, ಸಾಸಿವೆ ಎಣ್ಣೆ ಒಂದು ಜಾಸ್ತಿ.

ಈ ಸಲ ಮಳೆ ಯಾವಾಗ ಕಳಿಸುತ್ತೀಯಾ?

ಇದು ಅಪ್ಪನ ಪ್ರಶ್ನೆ. ಪೇಪರಿನಲ್ಲಿ ಸುದ್ದಿ ಬಂದ ದಿನ ತಪ್ಪದೇ ಫೋನ್ ಮಾಡಿ ಕೇಳುತ್ತಾರೆ. ನಾನು ಲೆಕ್ಕ ಹೇಳುತ್ತೇನೆ: ಇಲ್ಲಿಂದ ಕೇರಳಕ್ಕೆ ಸಾಮಾನ್ಯವಾಗಿ ಹತ್ತು ದಿನದ ಆಸುಪಾಸು, ಅಲ್ಲಿಂದ ನಮ್ಮ ಕರಾವಳಿಗೆ ನಾಲ್ಕೈದು ದಿನ, ಆಮೇಲೆ ಘಟ್ಟ ಹತ್ತಬೇಕು. ಕೆಲವು ವರ್ಷ ನಡುವೆ ಎಲ್ಲೋ ನಿಂತು ಸತಾಯಿಸುತ್ತದೆ. 2025ರಲ್ಲಿ ಮಾತ್ರ ಅವಸರ ಮಾಡಿತು, ಮೇ 13ಕ್ಕೆ ಇಲ್ಲಿ, ಮೇ 24ಕ್ಕೆ ಕೇರಳದಲ್ಲಿ. ಆ ವರ್ಷ ಅಪ್ಪ ಎರಡನೇ ಸಲವೂ ಫೋನ್ ಮಾಡಿದರು. ಹಿಂದೆ ಅಂಗಳದಲ್ಲಿ ಮಳೆ ಬೀಳುವ ಸದ್ದು ಕೇಳುತ್ತಿತ್ತು.

"ಕಳಿಸೋ ಮೊದಲು ಒಂದು ಮಾತು ಹೇಳಬಾರದೇನೇ? ಸೌದೆ ಇನ್ನೂ ಹೊರಗೇ ಇತ್ತು."